ಯುದ್ಧ ಮತ್ತು ಭಯೋತ್ಪಾದನೆ: ಬಲಂ ಸೀಮೆಯ ಇತಿಹಾಸದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಹಿಂಸೆಯೆಲ್ಲವೂ ಪಾಪವೆಂಬುದು ಜಿನಧರ್ಮದ ಮೂಲ ಉಪದೇಶ. ಆದರೆ ಹಿಂಸೆಯೆಲ್ಲವೂ ಒಂದೇ ತೂಕದ್ದಲ್ಲವೆಂಬುದನ್ನೂ ಜೈನ ಆಚಾರಶಾಸ್ತ್ರ ವಿವೇಚಿಸಿದೆ. ಗೃಹಸ್ಥನ ಬಾಳಿನಲ್ಲಿ ಒದಗುವ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುವ ಕ್ರಮವು ಶ್ರಾವಕ ಕುಟುಂಬಗಳಿಗೆ ಪರಿಚಿತವಾದುದು. ಅಡಿಗೆ, ನೀರು, ಕಸ ಗುಡಿಸುವುದು ಮೊದಲಾದ ಮನೆವಾರ್ತೆಯಲ್ಲಿ ಆಗುವುದು ಆರಂಭೀ ಹಿಂಸೆ. ಕೃಷಿ, ವಾಣಿಜ್ಯ ಮುಂತಾದ ಜೀವನೋಪಾಯಗಳಲ್ಲಿ ಆಗುವುದು ಉದ್ಯೋಗೀ ಹಿಂಸೆ. ತನ್ನನ್ನು, ತನ್ನವರನ್ನು, ನಾಡನ್ನು, ಧರ್ಮಾಯತನಗಳನ್ನು ಆಕ್ರಮಣದಿಂದ ಕಾಪಾಡುವಾಗ ಆಗುವುದು ವಿರೋಧೀ ಹಿಂಸೆ. ಕೊಲ್ಲಬೇಕೆಂದೇ ನಿಶ್ಚಯಿಸಿ ನಿರಪರಾಧಿ ಜೀವಿಯನ್ನು ಕೊಲ್ಲುವುದು ಸಂಕಲ್ಪೀ ಹಿಂಸೆ. ಮಹಾವ್ರತಿಯಾದ ಮುನಿಗೆ ನಾಲ್ಕೂ ತ್ಯಾಜ್ಯ. ಅಣುವ್ರತಿಯಾದ ಗೃಹಸ್ಥನು ಮೊದಲ ಮೂರನ್ನು ಆದಷ್ಟು ಕಡಿಮೆ ಮಾಡಿಕೊಳ್ಳಬೇಕು. ನಾಲ್ಕನೆಯದನ್ನು ಸಂಪೂರ್ಣವಾಗಿ ತೊರೆಯಬೇಕು.

ಭಯೋತ್ಪಾದನೆ ಎಂಬ ಶಬ್ದವು ದಿನಪತ್ರಿಕೆಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಈ ಕಾಲದಲ್ಲಿ ಈ ವಿಂಗಡಣೆಗೆ ವಿಶೇಷವಾದ ಪ್ರಸ್ತುತತೆಯಿದೆ. ಯುದ್ಧದಲ್ಲಿಯೂ ಜನ ಸಾಯುತ್ತಾರೆ, ಭಯೋತ್ಪಾದನೆಯಲ್ಲಿಯೂ ಜನ ಸಾಯುತ್ತಾರೆ. ಸಾಯುವವರ ಸಂಖ್ಯೆಯನ್ನು ನೋಡಿದರೆ ಯುದ್ಧವೇ ಹೆಚ್ಚು ಘೋರ. ಹಾಗಿದ್ದರೆ ಇವೆರಡಕ್ಕೂ ಇರುವ ವ್ಯತ್ಯಾಸವೇನು? ಸೈನಿಕನಿಗೆ ಸಮವಸ್ತ್ರವುಂಟು, ಭಯೋತ್ಪಾದಕನಿಗಿಲ್ಲ. ಸೈನ್ಯವು ಹಗಲು ಬಯಲಿನಲ್ಲಿ ಹೋರಾಡುತ್ತದೆ, ಭಯೋತ್ಪಾದಕನು ಇರುಳಿನಲ್ಲಿ ಹೊಂಚುಹಾಕುತ್ತಾನೆ. ಸೈನ್ಯದ ಹಿಂದೆ ಸರ್ಕಾರವಿದೆ, ಇವನ ಹಿಂದೆ ಇಲ್ಲ ಎಂಬಿವು ಸಾಮಾನ್ಯವಾಗಿ ಕೇಳಿಬರುವ ಉತ್ತರಗಳು. ಈ ಉತ್ತರಗಳು ಎಷ್ಟರಮಟ್ಟಿಗೆ ನಿಲ್ಲುತ್ತವೆಂಬುದನ್ನು ಹಾಸನ ಜಿಲ್ಲೆಯ ಇತಿಹಾಸದಿಂದಲೇ ಪರೀಕ್ಷಿಸಬಹುದು.

ಬಲಂ ಸೀಮೆಯ ನಾಯಕ

ಹಾಸನದಿಂದ ಪಶ್ಚಿಮಕ್ಕೆ ಹೊರಟವರಿಗೆ ಆಲೂರಿನ ಆಸುಪಾಸಿನಲ್ಲಿ ಬಯಲುಸೀಮೆ ಮುಗಿದು ಮಲೆನಾಡು ತೊಡಗುತ್ತದೆ. ಸಕಲೇಶಪುರವನ್ನು ದಾಟಿದರೆ ಘಟ್ಟದ ಅಂಚು. ಸಕಲೇಶಪುರದ ಸುತ್ತಣ ಈ ಬೆಟ್ಟಗಾಡು ಹಿಂದೆ ಬಲಂ ಸೀಮೆಯೆಂದು ಹೆಸರಾಗಿತ್ತು. ವಿಜಯನಗರದ ಕಾಲದಿಂದ ಬೇಲೂರಿನಲ್ಲಿಯೂ ಅನಂತರ ಐಗೂರಿನಲ್ಲಿಯೂ ನೆಲೆಸಿದ್ದ ನಾಯಕರ ಮನೆತನವು ಇದನ್ನು ಆಳುತ್ತಿತ್ತು. ಮಂಗಳೂರಿನ ಕರಾವಳಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ಘಟ್ಟದ ದಾರಿಗಳು ಈ ಸೀಮೆಯ ಮೂಲಕ ಹಾದುಹೋಗುತ್ತಿದ್ದುದರಿಂದ ಇದರ ಮೇಲಿನ ಹಿಡಿತವು ಮೈಸೂರನ್ನು ಆಳುವವರಿಗೆಲ್ಲ ಅಗತ್ಯವಾಗಿತ್ತು. 1792ರ ಸುಮಾರಿನಲ್ಲಿ ಟಿಪ್ಪು ಸುಲ್ತಾನನು ಸಕಲೇಶಪುರದ ಸಮೀಪ, ಸಮುದ್ರಮಟ್ಟದಿಂದ ಸುಮಾರು 3,200 ಅಡಿ ಎತ್ತರದ ಗುಡ್ಡದ ಮೇಲೆ, ಎಂಟು ಮೂಲೆಗಳ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದ್ದು ಈ ಕಾರಣಕ್ಕಾಗಿಯೇ.

ಅದೇ ವರ್ಷ ಮೂರನೆಯ ಮೈಸೂರು ಯುದ್ಧವು ಕೊನೆಗೊಂಡಿತು. ರೂಢಿಯ ಯುದ್ಧವೆಂದರೆ ಏನೆಂಬುದಕ್ಕೆ ಅದರ ಮುಕ್ತಾಯವು ಒಳ್ಳೆಯ ನಿದರ್ಶನ. ಹೋರಾಡಿದ ಪಕ್ಷಗಳು ಯಾರೆಂಬುದು ಸ್ಪಷ್ಟವಾಗಿತ್ತು. ಮಾತುಕತೆ ನಡೆದು ಶ್ರೀರಂಗಪಟ್ಟಣದ ಕೌಲಿಗೆ ಒಪ್ಪಿಗೆ ಬಿತ್ತು. ಸುಲ್ತಾನನು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನು ತೆರಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿಟ್ಟನು. ಹಣ ಸಂದಾಯವಾದ ಬಳಿಕ 1794ರಲ್ಲಿ ಆ ಮಕ್ಕಳು ಹಿಂದಿರುಗಿದರು. 1799ರ ಮೇ 4ರಂದು ಶ್ರೀರಂಗಪಟ್ಟಣವು ಪತನಗೊಂಡು ಸುಲ್ತಾನನು ಮಡಿದ ಮೇಲೆಯೂ ಅವನ ಮಕ್ಕಳನ್ನು ಕಂಪನಿಯವರು ವೆಲ್ಲೂರಿನ ಕೋಟೆಯಲ್ಲಿರಿಸಿ ವಿಶ್ರಾಂತಿ ವೇತನವನ್ನು ಕೊಟ್ಟರು.

ಆದರೆ ಬಲಂ ಸೀಮೆಯ ಐಗೂರನ್ನು ಆಗ ಹಿಡಿದಿದ್ದ ವೆಂಕಟಾದ್ರಿ ನಾಯಕನು (ಕೆಲವು ಗ್ರಂಥಗಳಲ್ಲಿ ಇವನ ಹೆಸರು ಕೃಷ್ಣಪ್ಪ ನಾಯಕ) ಹೊಸ ವ್ಯವಸ್ಥೆಗೆ ತಲೆಬಾಗಲಿಲ್ಲ. ಘಟ್ಟದ ದಾರಿಯನ್ನು ತಡೆದು, ದಟ್ಟವಾದ ಕಾಡನ್ನೇ ಕೋಟೆಯನ್ನಾಗಿ ಮಾಡಿಕೊಂಡು ಕಂಪನಿಯ ಸೈನ್ಯವನ್ನು ಎದುರಿಸಿದನು. 1800ರಲ್ಲಿ ಅವನ ನೆಲೆಯಾದ ಅರಕೆರೆಯ ಮೇಲೆ ನಡೆದ ಮೊದಲ ದಾಳಿಯು ವಿಫಲವಾಯಿತು. ಬಳಿಕ ಕರ್ನಲ್ ಮಾಂಟ್ರೆಸರನು ಹೆಚ್ಚಿನ ಬಲದೊಂದಿಗೆ ಬಂದು ಅದನ್ನು ಹಿಡಿದರೂ ನಾಯಕನು ಕೈಗೆ ಸಿಕ್ಕಲಿಲ್ಲ. ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎಂದು ಜಗತ್ಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿಯೇ 1802ರ ಜನವರಿಯಲ್ಲಿ ಬಂದು ಅರಕೆರೆಯನ್ನು ಮುತ್ತಿ ಗೆದ್ದನು. ಫೆಬ್ರವರಿಯಲ್ಲಿ ನಾಯಕನು ಸೆರೆಸಿಕ್ಕಿದನು. ಅವನನ್ನೂ ಅವನ ಸಂಗಡಿಗರಲ್ಲಿ ಕೆಲವರನ್ನೂ ಗಲ್ಲಿಗೇರಿಸಲಾಯಿತು.

ಒಂದೇ ಕಂಪನಿ, ಒಂದೇ ನಾಡು, ನಡುವೆ ಮೂರು ವರ್ಷಗಳ ಅಂತರ. ಘೋಷಿತ ಯುದ್ಧದಲ್ಲಿ ಸೋತ ದೊರೆಯ ಮಕ್ಕಳಿಗೆ ವೇತನ. ಕಾಡಿನಲ್ಲಿ ಹೋರಾಡಿದ ನಾಯಕನಿಗೆ ನೇಣು. ಕಂಪನಿಯ ದೃಷ್ಟಿಯಲ್ಲಿ ಸುಲ್ತಾನನು ಶತ್ರು, ನಾಯಕನು ಬಂಡಾಯಗಾರ. ಆದರೆ ಕಾಡಿನ ಮರೆ, ಸಮವಸ್ತ್ರವಿಲ್ಲದ ಆಳುಗಳು, ಸಿಂಹಾಸನದ ಮಾನ್ಯತೆ ಇಲ್ಲದಿರುವುದು, ಇವಿಷ್ಟರಿಂದಲೇ ಅವನನ್ನು ಭಯೋತ್ಪಾದಕನೆಂದು ಕರೆಯಲಾಗದು. ಅವನ ಮುಖ್ಯ ಹೋರಾಟವು ಶಸ್ತ್ರಧಾರಿಗಳಾದ ಸೈನಿಕರೊಡನೆ ನಡೆಯಿತು. ಅಂತಹ ಹೋರಾಟದ ನಡುವೆ ಯಾರೇ ಆಗಲಿ ಹಳ್ಳಿಯ ರೈತನನ್ನು ಸುಲಿದಿದ್ದರೆ ಆ ಕೃತ್ಯವನ್ನು ಬೇರೆಯಾಗಿಯೇ ತೂಗಬೇಕು. ಹೋರಾಟಗಾರನ ಹೆಸರಿನ ಮೇಲೆ ತೀರ್ಪು ಕೊಡುವುದಕ್ಕಿಂತ ಒಂದೊಂದು ಕೃತ್ಯವನ್ನೂ ಪ್ರತ್ಯೇಕವಾಗಿ ಪರಿಶೀಲಿಸುವುದೇ ನ್ಯಾಯವಾದ ಕ್ರಮ.

ಕನ್ನೇಗಾಲದ ಇರುಳು

ಇರುಳಿನ ದಾಳಿಯೆಂಬ ಇನ್ನೊಂದು ಗುರುತನ್ನು ಪರೀಕ್ಷಿಸಲು ಏಳು ಶತಮಾನಗಳಷ್ಟು ಹಿಂದಕ್ಕೆ, ಇದೇ ಜಿಲ್ಲೆಯ ಶ್ರವಣಬೆಳಗೊಳದ ಶಾಸನಗಳತ್ತ ಹೋಗಬೇಕು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಜೈನ ಸಮಾಜವು ಇಂದಿಗೂ ನೆನೆಯುವ ಮಹಾಪುರುಷ. ತಲಕಾಡನ್ನು ಚೋಳರ ಸಾಮಂತನಿಂದ ಬಿಡಿಸಿದವನು ಅವನೇ. ಗಂಗವಾಡಿಯ ಜಿನಾಲಯಗಳ ಜೀರ್ಣೋದ್ಧಾರ ಮಾಡಿಸಿದವನು, ಗೊಮ್ಮಟೇಶ್ವರನ ಸುತ್ತಾಲಯವನ್ನು ಕಟ್ಟಿಸಿದವನು ಅವನೇ. 1118ರ ಹೊತ್ತಿಗೆ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸೇನೆಯು ಹನ್ನೆರಡು ಮಂದಿ ಸಾಮಂತರೊಡನೆ ಕನ್ನೇಗಾಲದಲ್ಲಿ ಬೀಡುಬಿಟ್ಟಿತ್ತು. ಗಂಗರಾಜನು ಆ ಪಾಳೆಯದ ಮೇಲೆ ರಾತ್ರಿಯಲ್ಲಿ ಎರಗಿ, ಸಾಮಂತರನ್ನು ಸೋಲಿಸಿ, ಅವರ ವಸ್ತುವಾಹನಗಳನ್ನು ತಂದು ತನ್ನ ಒಡೆಯನಿಗೆ ಒಪ್ಪಿಸಿದನು. ಮೆಚ್ಚಿದ ದೊರೆಯು ವರವನ್ನು ಬೇಡೆನಲು, ಪರಮ ಎಂಬ ಗ್ರಾಮವನ್ನು ಬೇಡಿ ಪಡೆದು, ತಾಯಿ ಪೋಚಲದೇವಿಯೂ ಮಡದಿ ಲಕ್ಷ್ಮೀದೇವಿಯೂ ಮಾಡಿಸಿದ್ದ ಜಿನಾಲಯಗಳಿಗೆ ಅದನ್ನು ದಾನಮಾಡಿದನು.

ಈ ದಾಳಿಯು ಇರುಳಿನಲ್ಲಿ, ಅನಿರೀಕ್ಷಿತವಾಗಿ ನಡೆಯಿತು. ಆದರೂ ಅದು ಯುದ್ಧವೇ. ಏಕೆಂದರೆ ದಾಳಿಗೆ ಗುರಿಯಾದುದು ಆಯುಧ ಹಿಡಿದು ನಾಡಿನ ಮೇಲೆ ಬಂದಿದ್ದ ಸೇನೆ. ಅಲ್ಲಿ ಮಲಗಿದ್ದವರು ಯುದ್ಧಕ್ಕೆಂದೇ ಬಂದವರು. ಎದ್ದು ಹೋರಾಡಲು, ಓಡಲು ಅಥವಾ ಶರಣಾಗಲು ಅವರಿಗೆ ಅವಕಾಶವಿತ್ತು. ಹಳೇಬೀಡಿನ ಪಾರ್ಶ್ವನಾಥ ಬಸದಿಯನ್ನು ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದನು. ಅಲ್ಲಿಯ ಶಾಸನವು ಗಂಗರಾಜನು ಏಳು ನರಕಗಳೆಂದು ಬಗೆದಿದ್ದ ಏಳು ನಡತೆಗಳನ್ನು ಹೇಳುತ್ತದೆ. ಯುದ್ಧದಲ್ಲಿ ಅಂಜುವುದು ಅವುಗಳಲ್ಲಿ ಒಂದು. ಆದರೆ ಅದೇ ಪಟ್ಟಿಯಲ್ಲಿ ಸುಳ್ಳಾಡುವುದು, ಪರಸ್ತ್ರೀಯರಿಗೆ ಎಳಸುವುದು, ಮರೆಹೊಕ್ಕವರನ್ನು ಒಪ್ಪಿಸಿಬಿಡುವುದು ಇವೂ ಸೇರಿವೆ. ರಣಶೂರನಾದ ದಂಡನಾಯಕನು ತನ್ನ ಕತ್ತಿಗೆ ತಾನೇ ಎಲ್ಲೆಯನ್ನು ಹಾಕಿಕೊಂಡಿದ್ದನೆಂಬುದು ಇದರಿಂದ ವ್ಯಕ್ತವಾಗುತ್ತದೆ. ಆದರೂ ಅವನ ಯುದ್ಧವು ಪುಣ್ಯಕಾರ್ಯವಾಗಿತ್ತೆಂದು ಭಾವಿಸಬೇಕಾಗಿಲ್ಲ. ವಿರೋಧೀ ಹಿಂಸೆಯೂ ಹಿಂಸೆಯೇ. ಗೃಹಸ್ಥನ ಪಾಲಿಗೆ ಅದು ಅನಿವಾರ್ಯವಾಗಬಹುದು, ಆದರೆ ಅಹಿಂಸೆಯಾಗಲಾರದು.

ವೀರಗಲ್ಲುಗಳು ಹೇಳುವ ಸತ್ಯ

ಹಿಂದಿನ ಕಾಲದ ಯುದ್ಧಗಳೆಲ್ಲ ಧರ್ಮಯುದ್ಧಗಳಾಗಿದ್ದವೆಂದು ತಿಳಿಯುವುದೂ ಸರಿಯಲ್ಲ. ಕನ್ನಡ ನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳೇ ಇದಕ್ಕೆ ಸಾಕ್ಷಿ. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳು ಆ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ದನಗಳನ್ನು ಹೊಡೆದುಕೊಂಡು ಹೋಗುವುದು, ಊರನ್ನು ಹಾಳುಗೆಡಹುವುದು, ಹೆಂಗಸರ ಮೇಲೆ ಕೈಮಾಡುವುದು ಇವುಗಳ ಅರ್ಥ. ಇವನ್ನು ತಡೆಯಲು ಹೋಗಿ ಮಡಿದವನಿಗೆ ಊರಿನವರು ಕಲ್ಲು ನಿಲ್ಲಿಸಿದರು. ಸೇನೆ ಸೇನೆಗಳ ಕಾಳಗಕ್ಕೂ ಊರಿನ ಮೇಲೆ ಬೀಳುವ ಕೇಡಿಗೂ ಇರುವ ಭೇದವನ್ನು ಆ ಜನರು ಬಲ್ಲವರಾಗಿದ್ದರು. ಅದಕ್ಕೆ ಬೇರೆ ಬೇರೆ ಹೆಸರುಗಳನ್ನೂ ಇಟ್ಟಿದ್ದರು.

ಮೇಲೆ ಹೇಳಿದ ಮೂರನೆಯ ಮೈಸೂರು ಯುದ್ಧದಲ್ಲಿಯೇ, 1791ರಲ್ಲಿ, ಪರಶುರಾಮ ಭಾವೂವಿನ ಮರಾಠಾ ಸೇನೆಗೆ ಸೇರಿದ ಕುದುರೆ ಸವಾರರು ಶೃಂಗೇರಿಯ ಮಠವನ್ನು ಸೂರೆಮಾಡಿದರು. ನಿರಾಯುಧರಾದ ಜನರು ಹತರಾದರು. ಟಿಪ್ಪು ಸುಲ್ತಾನನು ಅಲ್ಲಿಯ ಸ್ವಾಮಿಗಳಿಗೆ ಈ ಕುರಿತು ಬರೆಯಿಸಿದ ಕನ್ನಡ ಪತ್ರಗಳು ಉಳಿದುಬಂದಿವೆ. ಘೋಷಿತ ಯುದ್ಧ, ಮಾನ್ಯತೆ ಪಡೆದ ಸರ್ಕಾರ, ಹೆಸರಾಂತ ಸೇನಾಪತಿ ಎಲ್ಲವೂ ಇದ್ದರೂ ಈ ಕೃತ್ಯವು ಅಧರ್ಮವಾಗುವುದು ತಪ್ಪಲಿಲ್ಲ. ಆದರೆ ಇದನ್ನು ಸೂರೆಯೆನ್ನಬೇಕೇ ಹೊರತು ಭಯೋತ್ಪಾದನೆಯೆನ್ನಲಾಗದು. ಸವಾರರ ಕಣ್ಣಿದ್ದುದು ಸಂಪತ್ತಿನ ಮೇಲೆ.

ಭಯವೇ ಉದ್ದೇಶವಾದಾಗ

ಭಯೋತ್ಪಾದನೆ ಎಂಬ ಕನ್ನಡ ಪದವು ತನ್ನ ಅರ್ಥವನ್ನು ತಾನೇ ಹೇಳುತ್ತದೆ. ಭಯವನ್ನು ಹುಟ್ಟಿಸುವುದೇ ಅಲ್ಲಿಯ ಕಾರ್ಯ. ಕೊಲೆಯು ಅದಕ್ಕೊಂದು ಸಾಧನ. ಸತ್ತವನ ಹೆಸರು, ಗುಣ, ವೃತ್ತಿ ಯಾವುದೂ ಕೊಂದವನಿಗೆ ಮುಖ್ಯವಲ್ಲ. ಆ ಸಾವನ್ನು ಕೇಳಿದ ಸಾವಿರಾರು ಜನರು ಮುಂದಿನ ಸರದಿ ತಮ್ಮದಿರಬಹುದೆಂದು ನಡುಗಬೇಕು ಎಂಬುದೇ ಅವನ ಬಯಕೆ.

ಈ ಲಕ್ಷಣವನ್ನು ಒರೆಗಲ್ಲಾಗಿ ಹಿಡಿದರೆ 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನಡೆದುದು ಏನೆಂಬುದು ತಿಳಿಯುತ್ತದೆ. ಗುಂಡು ಹಾರಿಸಿದವರು ಸಮವಸ್ತ್ರ ಧರಿಸಿದ ಸೈನಿಕರು, ಆಜ್ಞೆಯಿತ್ತವನು ಜನರಲ್ ಡಯರ್ ಎಂಬ ಅಧಿಕಾರಿ, ಸಮಯ ಹಗಲು. ಸರ್ಕಾರದ ಲೆಕ್ಕದಲ್ಲಿಯೇ 379 ಜನ ಮಡಿದರು. ಅಲ್ಲಿ ಕೂಡಿದ್ದವರನ್ನು ಚದುರಿಸುವುದಷ್ಟೇ ತನ್ನ ಗುರಿಯಾಗಿರಲಿಲ್ಲ, ಪಂಜಾಬಿನಾದ್ಯಂತ ಇದರ ಪರಿಣಾಮವಾಗಬೇಕೆಂದು ಬಯಸಿದ್ದೆನೆಂದು ಡಯರನು ವಿಚಾರಣಾ ಸಮಿತಿಯ ಮುಂದೆ ಒಪ್ಪಿಕೊಂಡನು. ನಿರಾಯುಧರನ್ನು ಕೊಂದು ದೂರದಲ್ಲಿರುವವರನ್ನು ನಡುಗಿಸುವುದು ಭಯೋತ್ಪಾದನೆಯ ಲಕ್ಷಣವೇ ಆಗಿದೆ. ಬಲಂ ಸೀಮೆಯ ನಾಯಕನಿಗೆ ಸಮವಸ್ತ್ರವಿಲ್ಲದಿದ್ದುದು ಅವನನ್ನು ಭಯೋತ್ಪಾದಕನನ್ನಾಗಿ ಮಾಡದು. ಡಯರನಿಗೆ ಸಮವಸ್ತ್ರವಿದ್ದುದು ಅವನನ್ನು ಆ ದೋಷದಿಂದ ಪಾರುಮಾಡದು. ಪಾಶ್ಚಾತ್ಯ ದೇಶಗಳಲ್ಲಿ ಈ ಅರ್ಥದ ರಾಜಕೀಯ ಶಬ್ದವು ಮೊದಲು ಬಳಕೆಗೆ ಬಂದುದು ಫ್ರಾನ್ಸಿನಲ್ಲಿ 1793–94ರಲ್ಲಿ ಸರ್ಕಾರವೇ ನಡೆಸಿದ ಸಾಮೂಹಿಕ ಶಿರಚ್ಛೇದನಗಳನ್ನು ಕುರಿತು ಎಂಬುದೂ ಇಲ್ಲಿ ಸ್ಮರಣೀಯ.

ಕರ್ನಾಟಕವು ಈ ಪಿಡುಗನ್ನು ಕಂಡಿದೆ. 2005ರ ಡಿಸೆಂಬರ್ 28ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಚಾರಸಂಕಿರಣ ಮುಗಿಸಿ ಹೊರಬರುತ್ತಿದ್ದ ವಿದ್ವಾಂಸರ ಮೇಲೆ ಗುಂಡಿನ ದಾಳಿ ನಡೆದು ಗಣಿತದ ಹಿರಿಯ ಪ್ರಾಧ್ಯಾಪಕರೊಬ್ಬರು ಬಲಿಯಾದರು. 2008ರ ಜುಲೈ 25ರಂದು ಅದೇ ನಗರದಲ್ಲಿ ಸರಣಿ ಬಾಂಬುಗಳು ಸ್ಫೋಟಿಸಿದಾಗ ಬಸ್ ನಿಲ್ದಾಣದಲ್ಲಿದ್ದ ಮಹಿಳೆಯೊಬ್ಬರು ಅಸುನೀಗಿದರು. 2024ರ ಮಾರ್ಚ್ 1ರಂದು ಉಪಾಹಾರ ಗೃಹವೊಂದರಲ್ಲಿ ಬಾಂಬು ಸಿಡಿದು ಹಲವರು ಗಾಯಗೊಂಡರು. ಗಣಿತವನ್ನು ಚರ್ಚಿಸಲು ಬಂದವರು, ಬಸ್ ನಿಲ್ದಾಣದಲ್ಲಿದ್ದವರು, ಊಟಕ್ಕೆ ಕುಳಿತವರು ಯಾರ ಶತ್ರುಗಳು?

ಶರಣಾಗತಿಗೆ ಎಡೆಯಿಲ್ಲದ ಹಿಂಸೆ

ಇವೆರಡಕ್ಕೂ ಇರುವ ಇನ್ನೊಂದು ಅಂತರವು ಹಿಂಸೆ ಹೇಗೆ ಕೊನೆಗೊಳ್ಳುತ್ತದೆ ಎಂಬುದರಲ್ಲಿದೆ. ಯುದ್ಧದಲ್ಲಿ ಸೈನಿಕನು ಆಯುಧವನ್ನು ಕೆಳಗಿಟ್ಟ ಕ್ಷಣದಿಂದ ಅವನನ್ನು ಕೊಲ್ಲುವಂತಿಲ್ಲ. 1949ರ ಆಗಸ್ಟ್ 12ರ ಜಿನೀವಾ ಒಪ್ಪಂದಗಳು ಗಾಯಾಳುಗಳಿಗೆ, ಯುದ್ಧಕೈದಿಗಳಿಗೆ ಮತ್ತು ನಾಗರಿಕರಿಗೆ ರಕ್ಷಣೆಯನ್ನು ವಿಧಿಸಿವೆ. 1971ರ ಡಿಸೆಂಬರಿನಲ್ಲಿ ಢಾಕಾದಲ್ಲಿ ಪಾಕಿಸ್ತಾನದ ಸೇನೆಯು ಶರಣಾದಾಗ ಭಾರತದ ವಶಕ್ಕೆ ಬಂದ ಸುಮಾರು 93,000 ಮಂದಿಯನ್ನು ಭಾರತವು ಕಾಪಾಡಿ, 1974ರ ಹೊತ್ತಿಗೆ ಅವರ ದೇಶಕ್ಕೆ ಕಳುಹಿಸಿತು. ಭಯೋತ್ಪಾದನೆಗೆ ಗುರಿಯಾದವನಿಗೆ ಈ ದಾರಿಯೇ ಇಲ್ಲ. ಬಸ್ಸಿಗೆ ಕಾಯುತ್ತಿರುವವನು ಶರಣಾಗಲಾರ. ಕೆಳಗಿಡಲು ಅವನ ಕೈಯಲ್ಲಿ ಆಯುಧವೇ ಇಲ್ಲ. ಕೊಲ್ಲುವವನು ಅವನಿಂದ ಏನನ್ನೂ ಕೇಳುವುದಿಲ್ಲವಾದುದರಿಂದ ಅವನು ಏನನ್ನು ಕೊಟ್ಟೂ ಉಳಿಯಲಾರ.

ಅಂತಾರಾಷ್ಟ್ರೀಯ ಕಾನೂನು ಈ ತಿಳಿವಿಗೆ ಬಹಳ ತಡವಾಗಿ ಬಂದಿದೆ. 1937ರಲ್ಲಿ ರಾಷ್ಟ್ರಸಂಘವು ರಚಿಸಿದ ಭಯೋತ್ಪಾದನಾ ವಿರೋಧಿ ಒಪ್ಪಂದಕ್ಕೆ ಅಂದಿನ ಭಾರತವೊಂದೇ ಸ್ಥಿರೀಕರಣ ನೀಡಿತು. ಅದು ಜಾರಿಗೆ ಬರಲೇ ಇಲ್ಲ. 1996ರಲ್ಲಿ ಭಾರತವು ವಿಶ್ವಸಂಸ್ಥೆಯಲ್ಲಿ ಸಮಗ್ರ ಒಪ್ಪಂದವೊಂದರ ಕರಡನ್ನು ಮಂಡಿಸಿತು. ವಿಮೋಚನಾ ಹೋರಾಟಗಳನ್ನೂ ಸರ್ಕಾರಿ ಸೈನ್ಯಗಳ ಕೃತ್ಯಗಳನ್ನೂ ವ್ಯಾಖ್ಯೆಯೊಳಗೆ ತರಬೇಕೇ ಬೇಡವೇ ಎಂಬ ವಿವಾದದಿಂದ ಅದು ಇನ್ನೂ ಅಂಗೀಕಾರವಾಗಿಲ್ಲ. ಆದರೆ ಭಯೋತ್ಪಾದನೆಗೆ ಹಣ ಒದಗಿಸುವುದನ್ನು ತಡೆಯುವ 1999ರ ಒಪ್ಪಂದದಲ್ಲಿ ಒಂದು ಉಪಯುಕ್ತ ಲಕ್ಷಣವಿದೆ. ಜನರನ್ನು ಬೆದರಿಸುವ ಅಥವಾ ಸರ್ಕಾರವನ್ನು ಬಲವಂತಪಡಿಸುವ ಉದ್ದೇಶದಿಂದ ನಾಗರಿಕರನ್ನಾಗಲಿ ಕದನದಲ್ಲಿ ಭಾಗಿಗಳಲ್ಲದ ಇತರರನ್ನಾಗಲಿ ಕೊಲ್ಲಲು ಅಥವಾ ತೀವ್ರವಾಗಿ ಗಾಯಗೊಳಿಸಲು ಎಸಗುವ ಕೃತ್ಯವೆಂಬುದು ಅದರ ಸಾರ. ಗುರಿ ಯಾರು, ಉದ್ದೇಶವೇನು ಎಂಬೆರಡು ಪ್ರಶ್ನೆಗಳೇ ಅಲ್ಲಿಯೂ ಮುಖ್ಯ.

ಈ ಎರಡು ಪ್ರಶ್ನೆಗಳನ್ನು ಜೈನಾಚಾರ್ಯರು ಬಹು ಹಿಂದೆಯೇ ಕೇಳಿದ್ದರು. ಪ್ರಮಾದಯುಕ್ತವಾದ ಮನೋವಾಕ್ಕಾಯಗಳಿಂದ ಪ್ರಾಣಹರಣ ಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಉದ್ದೇಶವನ್ನು ಮುಂದಿಟ್ಟಿದೆ. ಕ್ರಿ.ಶ. 959ರಲ್ಲಿ ಯಶಸ್ತಿಲಕವನ್ನು ಪೂರ್ಣಗೊಳಿಸಿದ ಸೋಮದೇವಸೂರಿಯು, ಅರಸನ ಆಯುಧವು ಸಮರಕ್ಕೆ ಬಂದ ಶತ್ರುವಿನ ಮೇಲೆಯೂ ನಾಡಿಗೆ ಕಂಟಕನಾದವನ ಮೇಲೆಯೂ ಪ್ರಯೋಗವಾಗಬೇಕಲ್ಲದೆ ದೀನರ, ದುರ್ಬಲರ, ಸದಾಶಯರ ಮೇಲೆ ಅಲ್ಲವೆಂದು ಗುರಿಯನ್ನು ನಿರ್ಧರಿಸಿದ್ದಾನೆ. ಭರತ–ಬಾಹುಬಲಿಯರ ಕಥೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಎರಡು ಸೇನೆಗಳು ಎದುರುಬದುರಾಗಿ ನಿಂತಾಗ, ಅಣ್ಣತಮ್ಮಂದಿರ ಜಗಳಕ್ಕೆ ಸೈನಿಕರು ಏಕೆ ಸಾಯಬೇಕೆಂದು ಮಂತ್ರಿಗಳು ಯೋಚಿಸಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಶಸ್ತ್ರಧಾರಿಗಳ ಪ್ರಾಣವನ್ನೂ ಉಳಿಸಬೇಕೆಂಬ ಈ ವಿವೇಕದ ಎದುರಿಗೆ, ಶಸ್ತ್ರವನ್ನೇ ಮುಟ್ಟದವರನ್ನು ಆರಿಸಿ ಕೊಲ್ಲುವ ಭಯೋತ್ಪಾದನೆಯನ್ನು ಇರಿಸಿ ನೋಡಬೇಕು. ಅದು ನಾಲ್ಕು ವಿಧದ ಹಿಂಸೆಗಳಲ್ಲಿ ಸಂಕಲ್ಪೀ ಹಿಂಸೆಯ ಪರಾಕಾಷ್ಠೆ. ಯಾವ ಧ್ಯೇಯದ ಹೆಸರಿನಲ್ಲಿ ನಡೆದರೂ, ಯಾರ ಕೈಯಿಂದ ನಡೆದರೂ ಅದಕ್ಕೆ ಅಪವಾದವಿಲ್ಲ.

ಶ್ರಾವಕರ ಕರ್ತವ್ಯ

ಈ ವಿವೇಚನೆಯಿಂದ ಶ್ರಾವಕ ಕುಟುಂಬಗಳಿಗೂ ಬಸದಿಗಳ ಆಡಳಿತ ಮಂಡಳಿಗಳಿಗೂ ಕೆಲವು ಕರ್ತವ್ಯಗಳು ಒದಗುತ್ತವೆ. ಮೊದಲನೆಯದು ವಾಕ್‌ಸಂಯಮ. ಬಂಡಾಯಗಾರ, ದರೋಡೆಗಾರ, ಪ್ರತಿಭಟನೆಗಾರ, ಭಯೋತ್ಪಾದಕ ಎಂಬ ಶಬ್ದಗಳನ್ನು ಒಂದರ ಬದಲಿಗೆ ಇನ್ನೊಂದನ್ನು ಬಳಸುವುದರಿಂದ ಸತ್ಯವ್ರತಕ್ಕೆ ಚ್ಯುತಿ ಬರುತ್ತದೆ. ಎರಡನೆಯದು, ಎಲ್ಲೋ ಒಂದು ಬಾಂಬು ಸಿಡಿದಾಗ ಕೃತ್ಯವೆಸಗಿದವರ ಜಾತಿ ಮತಗಳವರನ್ನೆಲ್ಲ ದೂಷಿಸದಿರುವುದು. ಏನೂ ಮಾಡದವನನ್ನು ಅವನ ಗುಂಪಿನ ಹೆಸರಿನಿಂದ ಅಪರಾಧಿಯೆಂದು ಎಣಿಸುವುದು ಭಯೋತ್ಪಾದಕನದೇ ತರ್ಕ. ಆ ತರ್ಕವನ್ನು ಮನೆಯ ಮಾತುಕತೆಯಲ್ಲಿ ಒಪ್ಪಿಕೊಂಡರೆ ಅವನು ಬಯಸಿದುದು ನೆರವೇರಿದಂತೆಯೇ. ಮೂರನೆಯದು, ಯಾತ್ರಾಸ್ಥಳಗಳಲ್ಲಿ ಜನಸಂದಣಿಯ ದಿನಗಳಂದು ರಕ್ಷಣೆಯ ಏರ್ಪಾಡುಗಳಿಗೆ ಸಹಕರಿಸುವುದು. ಎಚ್ಚರಿಕೆಯಿಂದ ಹಿಂಸೆಯನ್ನು ತಡೆಯುವುದು ಅಹಿಂಸೆಯ ಅಂಗವೇ ಆಗಿದೆ.

ನಾಲ್ಕನೆಯದು ಎಲ್ಲಕ್ಕಿಂತ ಮಿಗಿಲಾದುದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರು ಬಸದಿಗಳ ಆಶ್ರಯದಲ್ಲಿ ಇಂದಿಗೂ ನಡೆದುಬರುತ್ತಿವೆ. ಅಭಯದಾನವು ಪ್ರಾಣಿಗಳನ್ನು ಬಿಡಿಸುವುದರಲ್ಲಿ ಮುಗಿಯಬೇಕಾಗಿಲ್ಲ. ಹಿಂಸೆಗೆ ಸಿಕ್ಕಿ ಮನೆಯ ಆಸರೆಯನ್ನು ಕಳೆದುಕೊಂಡ ಕುಟುಂಬಕ್ಕೆ, ಅದು ಯಾವ ಮತದ್ದೇ ಆಗಿರಲಿ, ಚಿಕಿತ್ಸೆಯನ್ನೂ ಮಕ್ಕಳ ವಿದ್ಯೆಯನ್ನೂ ವಹಿಸಿಕೊಳ್ಳುವುದು ಅಭಯದಾನ. ಕೋಮು ಗಲಭೆಯ ದಿನ ಬೆದರಿ ಬಂದ ನೆರೆಯವನಿಗೆ ಬಾಗಿಲು ತೆರೆಯುವುದು ಅಭಯದಾನ. ಮರೆಹೊಕ್ಕವರನ್ನು ಒಪ್ಪಿಸಿಬಿಡುವುದನ್ನು ನರಕವೆಂದೆಣಿಸಿದ ದಂಡನಾಯಕನ ನಾಡಿನಲ್ಲಿ ಇದು ಹೊಸ ಉಪದೇಶವೇನಲ್ಲ. ಭಯವನ್ನು ಉತ್ಪಾದಿಸುವವರಿಗೆ ಸರ್ಕಾರವು ಶಿಕ್ಷೆಯನ್ನು ಕೊಡಲಿ. ಹುಟ್ಟಿದ ಭಯವನ್ನು ಕಳೆಯುವ ಕಾರ್ಯವು ಶ್ರಾವಕರ ಪಾಲಿಗೆ ಬಂದಿದೆ.